ಮೂರು ಅಕ್ಷರದ ಗಾಡಿ

ಆ ದಿನಗಳು ಬಂಗಾರದಂಥವು ಅಂತ ಬರೆಯುವವರು ಬರೆದುಕೊಳ್ಳಲಿ. ನನಗೆ ಹಂಗೆ ಬರೆಯಲಿಕ್ಕೆ ಕೈ ಏಳುವುದಿಲ್ಲ. ನಮ್ಮ ಕನ್ನಡ ಸಂಘದವರು ಈ ಸಲದ ಸಂಚಿಕೆಗೆ "ಸಣ್ಣಾಕಿ ಇದ್ದಾಗಿಂದು ಏನರೆ ಬರಕೊಡ್ರಿ ನೀಲಕ್ಕ" ಅಂದಾಗ ಒಲ್ಲೆ ಅಂದಿದ್ದೆ. ಆರನೇತ್ತೆ, ಅಂದರೆ ಆರನೇ ಕ್ಲಾಸು, ಅರ್ಧ ಕಲಿತವಳು ನಾನು. ಬರೆಯುವುದು ನನ್ನ ಕೆಲಸ ಅಲ್ಲ.

ಆಮೇಲೆ ಒಂದು ದಿನ ನಮ್ಮಣ್ಣ ಬಸು ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ತನ್ನ ದನಿ ತುಂಬಿ ಕಳಿಸಿದ. ಎರಡು ನಿಮಿಷ ಮಾತಾಡಿದ್ದಾನೆ. ಬೈಕುಲ್ಲಾದ ವಿಡಿಯೋ ಗೇಮ್ ಪಾರ್ಲರ್, ಅದರಾಗಿನ ರೇಸಿನ ಮಷೀನು, ಅದರ ಸ್ಟೇರಿಂಗು, ಅದರ ಸದ್ದು. "ಆ ಏರಿಯಾದಾಗ ನನ್ನಷ್ಟು ಫಾಸ್ಟ್ ಯಾರೂ ಇದ್ದಿಲ್ಲ ನೋಡ್ರಿ. ಎಂಥಾ ದಿನಾ ಅವು. ಈಗಿನ ಹುಡುಗರಿಗೆ ಏನ್ ಗೊತ್ತು." ಮಕ್ಕಳು ಮೊಮ್ಮಕ್ಕಳು ಎಲ್ಲರೂ ಚಪ್ಪಾಳೆಯ ಚಿತ್ರ ಹಾಕಿದರು. ನಾನು ಚಿತ್ರ ಹಾಕಲಿಲ್ಲ. ಪೆನ್ನು ಹುಡುಕಿದೆ.

ನಮ್ಮದು ವಿಜಾಪುರದ ಕಡೆ. ನಾನು ಹುಟ್ಟುವ ಮೊದಲೇ ಅಪ್ಪ ಮುಂಬೈಗೆ ಬಂದು ಬೇರೆಯವರ ಟ್ಯಾಕ್ಸಿ ಓಡಿಸುತ್ತಿದ್ದ. ಬೈಕುಲ್ಲಾದ ಚಾಳಿನಲ್ಲಿ, ಸಾಲು ಕೋಣೆಗಳ ಕಟ್ಟಡದಲ್ಲಿ, ಎರಡನೇ ಮಹಡಿಗೆ ಒಂದು ಖೋಲಿ. ಅಪ್ಪ, ಅವ್ವ, ಅಣ್ಣ, ನಾನು. ಚಾಳಿನ ಬಗ್ಗೆ ಈಗಿನವರು ಕಣ್ಣೀರು ಹಾಕಿ ಬರೆಯುತ್ತಾರೆ, ಎಲ್ಲರೂ ಒಂದೇ ಮನೆಯವರಂಗೆ ಇದ್ದೆವು ಅಂತ. ನನಗೆ ನೆನಪಿರುವುದು ಪಾಳಿ. ಮುಂಜಾನೆ ನಳದ ಮುಂದೆ ಕೊಡ ಇಟ್ಟು ಪಾಳಿ. ಸಂಡಾಸದ ಮುಂದೆ ಡಬ್ಬಿ ಹಿಡಿದು ಪಾಳಿ. ರೇಶನ್ ಅಂಗಡಿಯಲ್ಲಿ ಚಿಮಣಿ ಎಣ್ಣಿಗೆ ಪಾಳಿ. ನಮ್ಮ ಮನೆಯಲ್ಲಿ ಪಾಳಿಗೆ ನಿಲ್ಲುವವಳು ನಾನು. ಮುಂದೆ ನಿಂತ ಹೆಂಗಸರ ಬೆನ್ನು ನೋಡಿ ನೋಡಿ, ಯಾವ ಬೆನ್ನು ಯಾರದು ಅಂತ ಮುಖ ನೋಡದೆ ಹೇಳುತ್ತಿದ್ದೆ.

ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ಬೈಕುಲ್ಲಾ ಸ್ಟೇಶನ್ನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನಷ್ಟು ನಿಧಾನದ ಡ್ರೈವರ್ ಇನ್ನೊಬ್ಬ ಇರಲಿಲ್ಲ. ಹಿಂದೆ ಕೂತ ಪ್ಯಾಸೆಂಜರ್ "ಜಲ್ದಿ ಚಲಾವ್" ಅಂದರೆ, "ಜಲ್ದಿ ಇದ್ದಾವ ಲೋಕಲ್ ಹಿಡೀಬೇಕು, ನನ್ನ ಗಾಡಿ ಯಾಕ ಹತ್ತಿದಿ" ಅಂತ ಕನ್ನಡದಲ್ಲೇ ಅನ್ನುತ್ತಿದ್ದ. ಪ್ಯಾಸೆಂಜರಿಗೆ ತಿಳಿಯುತ್ತಿರಲಿಲ್ಲ, ಅದಕ್ಕೇ ನಡೆಯಿತು. ಹದಿನಾಲ್ಕು ವರ್ಷದಲ್ಲಿ ಅವನ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಯಾವ ಹವಾಲ್ದಾರನೂ ಅವನ ನಂಬರ್ ಬರೆದುಕೊಂಡಿರಲಿಲ್ಲ. ಅದೇ ಅವನ ಆಸ್ತಿ. ಓದಲಿಕ್ಕೆ ಬರುತ್ತಿರಲಿಲ್ಲ, ಆದರೆ ತನ್ನ ಗಾಡಿಯ ನಂಬರ್ ಮಾತ್ರ ಎಲ್ಲಿ ಬರೆದರೂ ಗುರುತಿಸುತ್ತಿದ್ದ. ಆಗ ಮುಂಬೈ ಗಾಡಿಗಳಿಗೆ ಮೊದಲು ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಅಂಕಿ. ಅಪ್ಪನದು ಎಂ, ಆರ್, ಎಲ್. "ಮೊದಲಿಂದು ಎರಡು ಗುಡ್ಡ. ನಡುವಿಂದು ಹೊಟ್ಟಿ ಬಿಟ್ಟುಕೊಂಡು ಕಾಲು ಚಾಚಿ ನಿಂತ ಸಾವಕಾರ. ಕಡೀದು ಗ್ವಾಡಿಗೆ ಒರಗಿ ಕುಂತ ಮುದುಕ" ಅಂತ ನನಗೂ ಹಂಗೇ ಕಲಿಸಿದ್ದ.

ನಮ್ಮ ಚಾಳಿನ ನಮ್ಮ ಕಡೆಯ ಹುಡುಗಿಯರನ್ನ ನಾಲ್ಕನೇತ್ತೆಗೇ ಸಾಲಿ ಬಿಡಿಸುತ್ತಿದ್ದರು. ನಾನು ಹಟ ಹಿಡಿದೆ. ಮೂರನೇ ಮಹಡಿಯ ಒಬ್ಬಾಕೆಗೆ ಏಳನೇತ್ತೆ ಪಾಸಾದ ಸರ್ಟಿಫಿಕೇಟ್ ತೋರಿಸಿ ಆಸ್ಪತ್ರೆಯಲ್ಲಿ ಪರ್ಮನೆಂಟ್ ಕೆಲಸ ಸಿಕ್ಕಿತ್ತು. ಬಿಳಿ ಸೀರೆ, ಸ್ವಂತ ಲಾಕರು, ಅದಕ್ಕೊಂದು ಕೀಲಿಕೈ. ನನಗೆ ಆ ಕೀಲಿಕೈ ಬೇಕಾಗಿತ್ತು. ಅಪ್ಪ ಒಪ್ಪಿದ, ಆದರೆ ಒಂದು ಕರಾರು ಹಾಕಿದ.

"ಏಳನೇತ್ತೆ ಮಟ ಹೋಗು. ಆದ್ರ ನಿನ್ನ ಮ್ಯಾಲೆ ಒಂದು ಕಂಪ್ಲೇಂಟ್ ಬರಬಾರದು. ಬಂದ ದಿನಾನ ಪಾಟಿಚೀಲ ಅಟ್ಟದ ಮ್ಯಾಲೆ. ಆಮ್ಯಾಲೆ ಅತ್ತು ಕರೆದು ಮಾಡಾಂಗಿಲ್ಲ."

ಹೋಗುವುದು ಬರುವುದು ಅಣ್ಣನ ಜೊತೆಗೇ ಅನ್ನುವುದು ಅವ್ವನ ಕರಾರು. ಅಣ್ಣ ನನಗಿಂತ ಎರಡು ವರ್ಷ ದೊಡ್ಡವ, ಎಂಟನೇತ್ತೆ. ಅವನ ಕನ್ನಡ ಹೈಸ್ಕೂಲು ನಮ್ಮ ಕನ್ನಡ ಸಾಲಿಯ ಪಕ್ಕದ ಗಲ್ಲಿಯಲ್ಲಿತ್ತು. ಹಂಗಾಗಿ ಸಂಜೆ ಅವನು ಎಲ್ಲಿ ಹೋದರೂ ನಾನು ಹಿಂದೆ ಹೋಗಲೇಬೇಕು. ನಾನು ಆರನೇತ್ತೆ ಇದ್ದ ವರ್ಷ ದೀಪಾವಳಿ ಆದಮೇಲೆ ಅವನು ಹೋಗಲಿಕ್ಕೆ ಹತ್ತಿದ್ದು ಆ ಪಾರ್ಲರಿಗೆ.

ಮೊದಲು ಅದು ಹಿಟ್ಟಿನ ಗಿರಣಿ ಇದ್ದ ಜಾಗ. ಗೋಡೆಯ ಮೂಲೆಗಳಲ್ಲಿ ಇನ್ನೂ ಹಿಟ್ಟು ಕೂತಿತ್ತು. ಮುಂದೆ ಹರಿದ ಪರದೆ, ಒಳಗೆ ಕತ್ತಲು, ನಾಲ್ಕು ಮಷೀನು. ಬೀಡಿ, ಬೆವರು, ಪಕ್ಕದ ಅಂಗಡಿಯ ಬಟಾಟೆ ವಡೆಯ ಕರಿದ ಎಣ್ಣಿ, ಇದೆಲ್ಲದರ ಮೇಲೆ ಗಲ್ಲಾದವನು ಹಚ್ಚಿದ ಊದಿನಕಡ್ಡಿ. ಈಗ ಯಾರಾದರೂ ಆ ವಾಸನೆ ನೆನೆದರೆ ಜೀವ ಹಿಗ್ಗುತ್ತದೆ ಅಂದರೆ ಅವರ ಮೂಗು ತೋರಿಸಲಿಕ್ಕೆ ಡಾಕ್ಟರ ಕಡೆ ಹೋಗಬೇಕು.

ಮೂರು ಮಷೀನು ಗುಂಡು ಹೊಡೆಯುವವು. ನಾಲ್ಕನೆಯದು ರೇಸಿಂದು. ಖರೇ ಸ್ಟೇರಿಂಗು, ಪಕ್ಕಕ್ಕೆ ಗೇರಿನ ದಾಂಡು, ಕೆಳಗೆ ಎಕ್ಸಲೇಟರು. ಮುಂದಿನ ಟೀವಿಯಂಥ ಕಾಜಿನ ಮೇಲೆ ಕರಿ ರಸ್ತಾ, ಎರಡೂ ಕಡೆ ಹಸಿರು, ದೂರಕ್ಕೆ ಒಂದು ಗುಡ್ಡ, ಅದು ಎಷ್ಟು ಓಡಿದರೂ ಹತ್ತಿರ ಬರುವುದಿಲ್ಲ. ಮೇಲೆ ಟೈಮು ಕಡಿಮೆ ಆಗುತ್ತಾ ಬರುತ್ತದೆ. ಅದು ಮುಗಿಯುವುದರೊಳಗೆ ಒಂದು ಸುತ್ತು ಹೊಡೆದರೆ ಇನ್ನೊಂದು ಸುತ್ತಿಗೆ ಟೈಮು ಸಿಗುತ್ತದೆ. ಬೇರೆ ಗಾಡಿಗೆ ತಾಗಿದರೆ ಬೆಂಕಿ.

ಅಣ್ಣ ಆಡಿದರೆ ಮೊದಲನೇ ತಿರುವಿನಲ್ಲೇ ಬೆಂಕಿ. ನಾನು ಎಂಟು ದಿನ ಹಿಂದೆ ನಿಂತು ನೋಡಿದೆ. ಒಂಬತ್ತನೇ ದಿನ ಅಂದೆ:

"ನೀ ತಿರುವು ಬಂದಮ್ಯಾಲೆ ತಿರುಗಸ್ತಿ. ಬರೂಕಿಂತ ಮೊದಲ ತಿರುಗಸಬೇಕು."

"ಭಾಳ ತಿಳಿತೈತಿ ನಿನಗ. ಹಿಡಿ, ನೋಡೂಣು."

ಹಿಡಿಯಲಿಕ್ಕೆ ನನಗೆ ಎತ್ತರ ಸಾಲದು. ಅಣ್ಣ ತಂಪು ಬಾಟ್ಲಿಗಳ ಖಾಲಿ ಖೋಕಾ, ಕಟ್ಟಿಗೆ ಪೆಟ್ಟಿಗೆ, ತಂದು ಹಾಕಿದ. ಅದರ ಮೇಲೆ ನಿಂತರೆ ಕೈಗೆ ಸ್ಟೇರಿಂಗು ಸಿಕ್ಕಿತು, ಆದರೆ ಕಾಲಿಗೆ ಎಕ್ಸಲೇಟರು ಸಿಗಲಿಲ್ಲ. ಅದಕ್ಕೆ ಅಣ್ಣ ಮಷೀನಿನ ಬುಡದ ಪೊಳ್ಳಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈಯಿಂದ ಅದನ್ನ ಒತ್ತಿ ಹಿಡಿದ. ಅವನಿಗೆ ರಸ್ತಾ ಕಾಣುವುದಿಲ್ಲ, ನನ್ನ ಲಂಗದ ಅಂಚು, ಬರೀ ಕಾಲು ಕಾಣುತ್ತಿತ್ತು. ನಾನು ಮೇಲಿಂದ "ಒತ್ತು" ಅಂದರೆ ಒತ್ತಬೇಕು, "ಬಿಡು" ಅಂದರೆ ಬಿಡಬೇಕು. ನಾಲ್ಕು ದಿನ ಆದಮೇಲೆ ನಾನು "ಬಿಡು" ಅನ್ನುವುದನ್ನೇ ಬಿಟ್ಟೆ.

ಆ ಮಷೀನಿನಲ್ಲಿ ನನಗೆ ಏನು ಸಿಕ್ಕಿತು ಅಂತ ಕೇಳಿದರೆ ಸುಳ್ಳು ಹೇಳುವುದಿಲ್ಲ. ಅಲ್ಲಿ ಪಾಳಿ ಇರಲಿಲ್ಲ. ಮುಂದೆ ಯಾರ ಬೆನ್ನು ಕಂಡರೂ ಪಕ್ಕಕ್ಕೆ ತಿರುಗಿಸಿ ದಾಟಿ ಹೋಗಬಹುದು. ಯಾರೂ "ಏ ಹುಡುಗಿ, ಹಿಂದೆ ನಿಂದ್ರು" ಅನ್ನುವುದಿಲ್ಲ. ಒಂದನ್ನ ದಾಟಿದೆ, ಇನ್ನೊಂದು ಬಂತು, ಅದನ್ನೂ ದಾಟಿದೆ. ಆ ನಾಲ್ಕು ನಿಮಿಷ ನಾನು ಯಾರ ಮಗಳೂ ಅಲ್ಲ, ಯಾರ ತಂಗಿಯೂ ಅಲ್ಲ. ಇಷ್ಟು ದೊಡ್ಡವಳಾಗಿ ಈಗ ತಿಳಿಯುತ್ತದೆ, ಅದರಲ್ಲಿ ಗಾಡಿ ಓಡುವುದೇ ಇಲ್ಲ. ಗಾಡಿ ನಿಂತಲ್ಲೇ ನಿಂತಿರುತ್ತದೆ, ರಸ್ತಾ ಅದರ ಕೆಳಗೆ ಜಾರುತ್ತದೆ. ಮೋಸ ಅಂದರೆ ಮೋಸವೇ. ಆದರೆ ಹನ್ನೊಂದು ವರ್ಷದ ಹುಡುಗಿಗೆ ಅಷ್ಟು ಚಂದದ ಮೋಸ ಬೇರೆ ಯಾರೂ ಮಾಡಿರಲಿಲ್ಲ.

ಸುದ್ದಿ ಹಬ್ಬಿತು. ಗಲ್ಲಿಯ ಹುಡುಗರು ತಾವೇ ಟೋಕನ್ ತಂದು ಅಣ್ಣನ ಕೈಯಲ್ಲಿ ಕೊಟ್ಟು "ತೇರೀ ಬಹನ್ ಕೋ ಚಲಾನೇ ದೇ", ನಿನ್ನ ತಂಗಿ ಓಡಿಸಲಿ, ಅನ್ನುತ್ತಿದ್ದರು. ಅಣ್ಣ ಮಂಗ ಕುಣಿಸುವವನ ಹಂಗೆ ಎದೆ ಉಬ್ಬಿಸಿ ನಿಲ್ಲುವುದು, ಆಮೇಲೆ ಬುಡದಲ್ಲಿ ಹೋಗಿ ಕೂರುವುದು.

ಬಹಳ ದೂರ ಓಡಿಸಿದವರಿಗೆ ಕಡೆಗೆ ಕಾಜಿನ ಮೇಲೆ ಮೂರು ಖಾಲಿ ಮನೆ ಬರುತ್ತಿದ್ದವು. ಸ್ಟೇರಿಂಗು ತಿರುಗಿಸಿದರೆ ಇಂಗ್ಲಿಷ್ ಅಕ್ಷರಗಳು ಒಂದೊಂದೇ ಸರಿಯುತ್ತವೆ, ಬೇಕಾದದ್ದನ್ನ ಕೂಡಿಸಬೇಕು.

"ಹೆಸರು ಕೇಳ್ತೈತಿ" ಅಂದ ಅಣ್ಣ ಕೆಳಗಿನಿಂದ ತಲೆ ಹೊರಗೆ ಹಾಕಿ.

"ಮೂರ ಅಕ್ಷರದಾಗ ಯಾರ ಹೆಸರು ಮುಗೀತೈತಿ? ಗಾಡಿ ಓಡಿಸಿದಮ್ಯಾಲೆ ಗಾಡಿ ನಂಬರ್ ಕೇಳ್ತೈತಿ."

ಅಣ್ಣ ಒಂದು ಗಳಿಗೆ ವಿಚಾರ ಮಾಡಿ, "ಹೌದಲೇ" ಅಂದ. ಟ್ಯಾಕ್ಸಿ ಡ್ರೈವರನ ಮಕ್ಕಳಿಗೆ ಮೂರು ಅಕ್ಷರ ಅಂದರೆ ಬೇರೆ ಏನು ಹೊಳೆಯಬೇಕು. ನಾನು ಎರಡು ಗುಡ್ಡ, ಸಾವಕಾರ, ಮುದುಕ ಮೂವರನ್ನೂ ಹುಡುಕಿ ಕೂಡಿಸಿದೆ. ಜೋರಾಗಿ ಓಡಿಸಿದವರ ಪಟ್ಟಿಯಲ್ಲಿ ಎಲ್ಲಾದರ ಮೇಲೆ ಎಂ ಆರ್ ಎಲ್ ಬಂದು ಕೂತಿತು. ಅಪ್ಪನ ಗಾಡಿ ಬೈಕುಲ್ಲಾದಲ್ಲಿ ಎಲ್ಲಕ್ಕಿಂತ ಜೋರು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಂಗಡಿ ಮುಚ್ಚುವಾಗ ಸ್ವಿಚ್ ಆರಿಸಿದರೆ ಅದೆಲ್ಲಾ ಅಳಿಸಿ ಹೋಗುತ್ತಿತ್ತು. ಮರುದಿನ ನಾನು ಮತ್ತೆ ಬರೆಯುತ್ತಿದ್ದೆ.

ಸಿಕ್ಕಿಬಿದ್ದದ್ದು ಆ ಅಕ್ಷರದಿಂದಲೇ. ಒಂದು ದಿನ ಅಪ್ಪನ ಸ್ಟ್ಯಾಂಡಿನ ಯೂಸುಫ್ ಚಾಚಾ ವಡೆ ತಿನ್ನಲಿಕ್ಕೆ ಬಂದವನು ಪಾರ್ಲರಿನ ಪರದೆ ಸರಿಸಿ ಒಳಗೆ ಇಣುಕಿದ. ನಾನು ಮೊದಲನೇ ಟೋಕನ್ನಿನ ಆಟ ಮುಗಿಸಿ, ಅಕ್ಷರ ಬರೆದು, ಅಣ್ಣನ ಜೊತೆ ನೀರು ಕುಡಿಯಲಿಕ್ಕೆ ಒಳಗಿನ ನಳಕ್ಕೆ ಹೋಗಿದ್ದೆ. ಅವನು ನೋಡಿದ್ದು ಬರೀ ಕಾಜಿನ ಮೇಲಿನ ಅಕ್ಷರ. ಸ್ಟ್ಯಾಂಡಿಗೆ ಹೋಗಿ ಚೇಷ್ಟೆ ಮಾಡಿದ.

"ಅರೆ ಸಂಗಪ್ಪಾ, ತೇರಾ ನಂಬರ್ ಉಧರ್ ವಡಾವಾಲೇ ಕೇ ಬಾಜೂ ಮೇ ಲಿಖೇಲಾ ಹೈ. ಸ್ಪೀಡ್ ಮೇ ಸಬ್ ಸೆ ಊಪರ್."

ಅವನ ಮನಸ್ಸಿನಲ್ಲಿ ಅದು ನಗೆಚಾಟಿಕೆ. ಬೈಕುಲ್ಲಾದ ಬಸವನಹುಳು ಸ್ಪೀಡಿನಲ್ಲಿ ಮೊದಲನೆಯದಾಯಿತಲ್ಲ ಅಂತ. ಅಪ್ಪ ಕೇಳಿಸಿಕೊಂಡದ್ದು ಬೇರೆ. ಸ್ಪೀಡಾಗಿ ಓಡಿಸಿದೆ ಅಂತ ಯಾರೋ ತನ್ನ ನಂಬರ್ ಬರೆದು ಬೋರ್ಡಿಗೆ ಹಾಕಿದ್ದಾರೆ ಅಂತ ತಿಳಿದ. ಹದಿನಾಲ್ಕು ವರ್ಷದ ಆಸ್ತಿ ಹೋಯಿತು ಅಂತ ಗಾಡಿ ಹತ್ತಿದ. ಬೈಕುಲ್ಲಾದ ಸೇತುವೆ ಇಳಿದು ಗಲ್ಲಿಗೆ ತಿರುಗುವ ತನಕ ಅವನು ಹಾರ್ನಿನ ಮೇಲಿನ ಕೈ ತೆಗೆಯದೆ ಓಡಿಸಿದನಂತೆ, ನೋಡಿದವರು ಆಮೇಲೆ ಹೇಳಿದರು. ಗಲ್ಲಿಯ ಬಾಯಿಗೆ ಉಳ್ಳಾಗಡ್ಡಿ ಚೀಲ ತುಂಬಿದ ಹಾತಗಾಡಿಗೆ ತಾಗಿಸಿದ. ಚೀಲ ಒಡೆದು ಉಳ್ಳಾಗಡ್ಡಿ ರಸ್ತೆ ತುಂಬ ಉರುಳಿದವು. ಹವಾಲ್ದಾರ ಅಲ್ಲೇ ಇದ್ದ. ಬರೆದುಕೊಂಡ. ಹಂಗೆ ಆ ದಿನ ಆ ಮೂರು ಅಕ್ಷರವನ್ನ ಇಬ್ಬರು ಬರೆದೆವು, ಮೊದಲು ನಾನು, ಆಮೇಲೆ ಹವಾಲ್ದಾರ.

ನಾನು ಒಳಗೆ ಎರಡನೇ ಆಟದಲ್ಲಿದ್ದೆ. ಮೂರನೇ ಸುತ್ತು. ಹಿಂದೆ ಪರದೆ ಸರಿದು ಬೆಳಕು ಬಿತ್ತು, ಕಾಜಿನಲ್ಲಿ ಅಪ್ಪನ ಖಾಕಿ ಅಂಗಿ ಕಂಡಿತು.

"ಯಾಂವ ಬರದಾನ ನನ್ನ ನಂಬರ್? ಎಲ್ಲಿ ಐತಿ ಬೋರ್ಡ್?" ಅಂತ ಗಲ್ಲಾದವನನ್ನ ಕೇಳುತ್ತಿದ್ದ, ಕನ್ನಡದಲ್ಲೇ. ಗಲ್ಲಾದವನು ಏನೂ ತಿಳಿಯದೆ ನನ್ನ ಕಡೆ ಕೈ ತೋರಿಸಿದ. ಅಷ್ಟರಲ್ಲಿ ನನ್ನ ಗಾಡಿ ನಿಧಾನ ಆಯಿತು. ಮತ್ತೂ ನಿಧಾನ ಆಯಿತು. ನಿಂತಿತು. ನನ್ನ ಕಾಲ ಹತ್ತಿರ ಕೈ ಇರಲಿಲ್ಲ. ಅಣ್ಣ ಮಷೀನಿನ ಹಿಂದಿನ ಸಂದಿಯಲ್ಲಿ ತೂರಿ, ಒಳಗಿನ ನಳದ ಬಾಗಿಲಿಂದ ಹೊರಗೆ ಹೋಗಿದ್ದ.

ಅಪ್ಪ ನನ್ನ ನೋಡಿದ. ಕಾಜು ನೋಡಿದ. ಟೈಮು ಸೊನ್ನೆ ಆಗಿ ಪಟ್ಟಿ ಬಂತು, ಎಲ್ಲಕ್ಕಿಂತ ಮೇಲೆ ಎರಡು ಗುಡ್ಡ, ಸಾವಕಾರ, ಮುದುಕ.

"ನೀ ಬರದಿ?"

"ಹೂಂ."

"ಯಾರ ಜೋಡಿ ಬಂದಿ?"

ನಾನು ಹಿಂದಿನ ಬಾಗಿಲು ನೋಡುತ್ತಾ ನಿಂತೆ. ಅಣ್ಣ ಬರುತ್ತಾನೆ ಅಂತ ಟೈಮು ಕೊಟ್ಟೆ. ಬರಲಿಲ್ಲ. ಅಪ್ಪ ರಟ್ಟೆ ಹಿಡಿದು ಖೋಕಾದಿಂದ ಕೆಳಗೆ ಇಳಿಸಿದ. ಹೊರಗೆ ಉಳ್ಳಾಗಡ್ಡಿ ಇನ್ನೂ ಆರಿಸುತ್ತಿದ್ದರು. ಅವುಗಳನ್ನ ದಾಟಿ ಮನೆಗೆ ಹೋದೆವು. ಗಾಡಿಯಲ್ಲಿ ಕೂರಿಸಲಿಲ್ಲ, ನಡೆಸಿಕೊಂಡು ಹೋದ.

ಮನೆಯಲ್ಲಿ ಅಣ್ಣ ಆಗಲೇ ಮುಖ ತೊಳೆದು ಪುಸ್ತಕ ಹಿಡಿದು ಕೂತಿದ್ದ. ಅವ್ವ ಅವನ ಮುಂದೆ ರೊಟ್ಟಿ, ಶೇಂಗಾ ಹಿಂಡಿ ಇಟ್ಟಿದ್ದಳು.

"ನಿನ್ನ ತಂಗಿ ಎಲ್ಲಿದ್ಲು, ನಿನಗ ಗೊತ್ತಿತ್ತೇನಲೇ?" ಅಂದ ಅಪ್ಪ.

ಅಣ್ಣ ರೊಟ್ಟಿ ಮುರಿದ. "ಗೆಳತಿ ಮನಿಗೆ ಹೊಕ್ಕೀನಿ ಅಂದಿದ್ಲಪ್ಪ. ನಾ ಒಬ್ಬನ ಬಂದೆ."

"ಸುಳ್ಳ" ಅಂದೆ ನಾನು. "ನನ್ನ ಕಾಲಾಗ ಕುಂತಿದ್ದ ಅಂವ. ಎಕ್ಸಲೇಟರ್ ಅಂವನ ಒತ್ತತಿದ್ದ."

ಅಪ್ಪ ಕಪಾಳಕ್ಕೆ ಹೊಡೆದ. "ತಾ ಮಾಡಿದ್ದು ಸಾಲದು ಅಂತ ಅಣ್ಣನ ಮ್ಯಾಲೆ ಹಾಕ್ತಿ?"

ನಲವತ್ತು ವರ್ಷದಿಂದ ನನಗೆ ಇದೊಂದು ಬಗೆಹರಿದಿಲ್ಲ. ಹದಿನಾಲ್ಕು ವರ್ಷ ಗಾಡಿ ಓಡಿಸಿದವನು. ನಾನು ಖೋಕಾದ ಮೇಲೆ ನಿಂತದ್ದನ್ನ ಕಣ್ಣಾರೆ ನೋಡಿದವನು, ತಾನೇ ಇಳಿಸಿದವನು. ಈ ಹುಡುಗಿಯ ಕಾಲು ಎಟಕದ ಗಾಡಿಗೆ ಎಕ್ಸಲೇಟರ್ ಯಾರು ಕೊಟ್ಟರು ಅಂತ ಅವನಿಗೆ ಒಂದು ಸಲವೂ ಅನ್ನಿಸಲಿಲ್ಲ. ಅನ್ನಿಸಿತ್ತೋ ಏನೋ. ಗಂಡುಮಗನ ಸಾಲಿ ಬಿಡಿಸುವುದಕ್ಕಿಂತ ಅನ್ನಿಸದೆ ಇರುವುದು ಹಗುರ.

ಪಾಟಿಚೀಲ ಅಟ್ಟಕ್ಕೆ ಹೋಯಿತು. ಅಪ್ಪನೇ ಸ್ಟೂಲ್ ಹತ್ತಿ ಇಟ್ಟ.

ಹತ್ತು ದಿನ ಆದಮೇಲೆ ನಮ್ಮ ಬಾಯಾರು, ಅಂದರೆ ಸಾಲಿಯ ಟೀಚರು, ಮನೆಗೆ ಬಂದರು. ಅಪ್ಪ ಎದ್ದು ನಿಂತು ಕೈ ಮುಗಿದ. ಅವ್ವ ಚಹಾ ಮಾಡಿದಳು.

"ಶಾಣ್ಯಾ ಹುಡುಗಿರಿ. ಇನ್ನೊಂದು ವರ್ಷ. ಏಳನೇತ್ತೆ ಒಂದು ಮುಗಿಸಲಿ, ನಾ ಕೇಳೂದು ಅಷ್ಟ" ಅಂದರು ಬಾಯಾರು.

"ನನ್ನ ಹೆಸರಿಗೆ ಕಂಪ್ಲೇಂಟ್ ತಂದಾಳ್ರಿ ಬಾಯಾರ. ಹದಿನಾಲ್ಕು ವರ್ಷದಾಗ ಬಂದಿದ್ದಿಲ್ಲ. ಒಬ್ಬಾಕಿನ ಅಂಥಲ್ಲಿ ಹೊಕ್ಕಾಳಂದ್ರ ಹೆಂಗ್ರಿ ಕಳಸೂದು?"

"ಅಣ್ಣನ ಜೋಡಿ ಕಳಸ್ರಿ. ಏನಪ್ಪಾ ಬಸವರಾಜ, ಕರಕೊಂಡು ಬರ್ತಿಯಿಲ್ಲೋ ತಂಗೀನ?"

ಅಣ್ಣ ಬಾಗಿಲಲ್ಲಿ ನಿಂತಿದ್ದ. ಒಬ್ಬಾಕಿ ಅಲ್ಲ, ನಾನೂ ಇದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಎರಡು ಹೊಡೆಯುತ್ತಿದ್ದ, ಅಷ್ಟೇ. ಅವನು ತನ್ನ ಕಾಲಿನ ಬೆರಳು ನೋಡಿದ. "ನನಗ ಸಂಜೀಕೆ ಕ್ಲಾಸ್ ಇರ್ತಾವ್ರಿ" ಅಂದ. ಬಾಯಾರು ಚಹಾ ಅರ್ಧಕ್ಕೆ ಬಿಟ್ಟು ಹೋದರು. ಆ ಅರ್ಧ ಕಪ್ಪು ನಾನೇ ತೊಳೆದೆ.

ಮುಂದಿನದು ಉದ್ದ ಇಲ್ಲ. ನಮ್ಮ ಕಡೆಯವರ ಒಂದು ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಕೆಲಸಕ್ಕೆ ಅವ್ವ ಹೋಗುತ್ತಿದ್ದಳು, ನಾನೂ ಹೋದೆ. ಹದಿನೇಳಕ್ಕೆ ಮದುವೆ ಮಾಡಿದರು, ಕಾಂದಿವಲಿಗೆ ಬಂದೆ, ಇಲ್ಲೂ ರೊಟ್ಟಿಯೇ. ನನ್ನ ಕೈಯ ಜೋರು ನೋಡಲಿಕ್ಕೆ ಮಂದಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡಲಿಲ್ಲ. ಅಣ್ಣ ಹತ್ತನೇತ್ತೆ ಪಾಸಾಗಿ ಕಂಪನಿ ಸೇರಿ, ಮೊನ್ನೆ ಮೊನ್ನೆ ಅವಧಿಗೆ ಮೊದಲೇ ರಿಟಾಯರ್ ಆದ. ಅಪ್ಪ ಸಾಯುವ ತನಕ ಮತ್ತೆ ನಿಧಾನವೇ ಓಡಿಸಿದ. ಜೀವಮಾನದಲ್ಲಿ ಒಂದೇ ಸಲ ಜೋರಾಗಿ ಹೊಡೆದ ಗಾಡಿ ನನ್ನ ಮೇಲೆ ಹಾಯಿತು.

ನಲವತ್ತು ವರ್ಷ ನಾನು ಇದನ್ನ ಎತ್ತಲಿಲ್ಲ. ಅಣ್ಣನ ಮಕ್ಕಳ ಮದುವೆಗೆ ಹೋಗಿದ್ದೇನೆ, ಅವನು ನನ್ನ ಮಕ್ಕಳ ಮದುವೆಗೆ ಬಂದು ಉಂಡು ಹೋಗಿದ್ದಾನೆ. ಅವನು ಸುಮ್ಮನಿದ್ದಷ್ಟು ದಿನ ನಾನೂ ಸುಮ್ಮನಿದ್ದೆ. ಈಗ ಆ ರಸ್ತೆಯ ತಿರುವು, ಆ ದೂರದ ಗುಡ್ಡ, ಎಲ್ಲಾ ತಾನೇ ಕಂಡಂತೆ ಹೇಳುತ್ತಾನೆ. ಬುಡದಲ್ಲಿ ಕೂತವನಿಗೆ ಎಲ್ಲಿಯ ಗುಡ್ಡ.

ಹೋದ ಐತವಾರ ಮೊಮ್ಮಗ ಮೊಬೈಲ್ ತಂದು ಕೈಯಲ್ಲಿ ಹಿಡಿಸಿದ. ಅದರಲ್ಲೂ ರೇಸಿಂದೇ.

"ಅಜ್ಜಿ, ನೀ ಚಲಾ ಕೇ ದೇಖ್. ಬಸು ಮಾಮಾ ಅಜ್ಜ ಚಾಂಪಿಯನ್ ಥೇ ನಾ?"

"ಎಕ್ಸಲೇಟರ್ ಎಲ್ಲೈತಿ ಇದಕ್ಕ?"

"ನಹೀ ಹೈ ಅಜ್ಜಿ. ಅದು ತಾನೇ ಓಡತದೆ. ತೂ ಸಿರ್ಫ್ ತಿರುಗಿಸು."

ತಿರುಗಿಸಿ ನೋಡಿದೆ. ತಾನೇ ಓಡಿತು. ಕಾಲ ಹತ್ತಿರ ಯಾರೂ ಕೂರಬೇಕಾಗಿಲ್ಲ, ಯಾರೂ ಎದ್ದು ಹೋಗುವ ಹಂಗೂ ಇಲ್ಲ. ಆ ಮಷೀನ್ ಆಗಲೇ ಹಿಂಗೆ ಮಾಡಿದ್ದರೆ ಒಂದು ಹುಡುಗಿ ಏಳನೇತ್ತೆ ಪಾಸಾಗುತ್ತಿದ್ದಳು. ಮೊಬೈಲ್ ವಾಪಸ್ ಕೊಟ್ಟೆ.

ಇಷ್ಟು ಬರೆಯಲಿಕ್ಕೆ ನನಗೆ ಹತ್ತೊಂಬತ್ತು ದಿನ ಹಿಡಿಯಿತು. ಮಾತಿನಲ್ಲಿ ಹೇಳಿದ್ದರೆ ಚಹಾ ಆರುವುದರೊಳಗೆ ಮುಗಿಯುತ್ತಿತ್ತು. ಒಂದೊಂದು ಒತ್ತಕ್ಷರಕ್ಕೂ ಕನ್ನಡ ಕ್ಯಾಲೆಂಡರ್ ಹಾಳೆ ತಿರುವಿ, ಅದೇ ಅಕ್ಷರ ಹುಡುಕಿ, ನೋಡಿ ಬರೆದಿದ್ದೇನೆ. ಉಳಿದ ತಪ್ಪು ಸಂಘದವರು ತಿದ್ದಿದರು. ನನಗೆ ಸಿಗದೆ ಹೋದದ್ದು ಎಷ್ಟು ಅಂತ ಯಾರಾದರೂ ಅಳೆಯುವುದಿದ್ದರೆ ಆ ಹತ್ತೊಂಬತ್ತು ದಿನ ಅಳೆಯಲಿ.

ನನ್ನ ಮಕ್ಕಳಿಗೆ ಕನ್ನಡ ಮಾತಾಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಮೊಮ್ಮಗನಿಗೆ ಮಾತೂ ಅಷ್ಟಕ್ಕಷ್ಟೆ. ಸಂಚಿಕೆ ಬಂದಮೇಲೆ ಈ ಪುಟಗಳ ಫೋಟೋ ತೆಗೆದು ಮನೆಮಂದಿಯ ಗ್ರೂಪಿಗೆ ಹಾಕುತ್ತೇನೆ. ಆ ಗ್ರೂಪಿನಲ್ಲಿ ನನ್ನ ಬಿಟ್ಟರೆ ಕನ್ನಡ ಓದಲಿಕ್ಕೆ ಬರುವವನು ಒಬ್ಬನೇ. ಕನ್ನಡ ಸಾಲಿಯಲ್ಲಿ ಹತ್ತನೇತ್ತೆ ಪಾಸಾದವನು. ಓದಲಿ.